ದ್ರವ್ಯತೆ ಇಳಿದ ವಾರ

ಮೂಲೆ ಲಾಂಡ್ರಿಯ ಮಾಲೀಕರನ್ನು ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಚೇರ್ಮನ್ನರು. ಈ ಪದವಿಯನ್ನು ಅವರಿಗೆ ಯಾವ ಸಭೆಯೂ ಕೊಟ್ಟಿರಲಿಲ್ಲ. ಊರಿಗೆ ನೀರು ಸರಬರಾಜು ಮಾಡುವ ಕಂಪನಿಯ ಒಂದಿಷ್ಟು ಷೇರುಗಳನ್ನು ಅವರು ಕೊಂಡಿದ್ದರು, ಅಷ್ಟೆ. ಅಂದಿನಿಂದ ಅವರ ಬಾಯಲ್ಲಿ 'ನೀರು ಕಂಪನಿ' ಹೋಗಿ 'ನಮ್ಮ ಕಂಪನಿ' ಬಂತು. ರಸ್ತೆ ಅಗೆದು ಪೈಪು ಹಾಕುವವರು ಕಂಡರೆ ಸಾಕು, ಲಾಂಡ್ರಿಯ ಮೆಟ್ಟಿಲ ಮೇಲೆ ನಿಂತು, "ಇನ್ನೂ ಸ್ವಲ್ಪ ಆಳ ತೋಡ್ರಪ್ಪಾ, ನಮ್ಮದೇ ದುಡ್ಡು, ಸಂಕೋಚ ಬೇಡ" ಎಂದು ಅಪ್ಪಣೆ ಕೊಡುತ್ತಿದ್ದರು. ಅಗೆಯುವವರು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಮೊದಲಿನಷ್ಟೇ ಆಳ ತೋಡುತ್ತಿದ್ದರು.

ಷೇರು ಕೊಂಡದ್ದು ಲಾಭದ ಆಸೆಗಲ್ಲ, ಹೊಟ್ಟೆಯುರಿಗೆ. ಅವರ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅದೇ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಅಧಿಕಾರಿ. ಬೇಸಿಗೆಯಲ್ಲೂ ಕೋಟು ಹಾಕುವ ಮನುಷ್ಯ. ಒಮ್ಮೆ ಊಟಕ್ಕೆ ಕೂತಾಗ ಆತ ನಗುತ್ತಾ, "ಷೇರು ಗೀರು ಎಲ್ಲ ನಿಮಗ್ಯಾಕೆ ಅಣ್ಣಾ? ನೀವು ಸೋಪಿನ ನೊರೆ ನೋಡ್ಕೊಳ್ಳಿ" ಎಂದಿದ್ದ. ಮಾತು ಸುಮ್ಮನೆ ಆಡಿದ್ದು. ಆದರೆ ಚೇರ್ಮನ್ನರಿಗೆ ಆ ಊಟ ಅರಗಲಿಲ್ಲ. ಮಾರನೆಯ ದಿನವೇ ಹೋಗಿ ಷೇರು ಕೊಂಡರು. ಪತ್ರಿಕೆಯ ವಾಣಿಜ್ಯ ಪುಟವನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸವೂ ಅಂದೇ ಹತ್ತಿತು. ಓದಿದ್ದು ಅರ್ಥವಾಗಬೇಕೆಂಬ ಹಟ ಅವರಿಗೆ ಇರಲಿಲ್ಲ. ಕೇಳುವವರಿಗೂ ಇರಲಿಲ್ಲವಾದ್ದರಿಂದ ಎಲ್ಲವೂ ಸಸೂತ್ರವಾಗಿ ನಡೆದಿತ್ತು.

ಸೋಮವಾರ ಬೆಳಿಗ್ಗೆ ಎದುರು ಮಹಡಿಯ ಹಲ್ಲಿನ ಡಾಕ್ಟರು ತಮ್ಮ ಬಿಳಿ ಕೋಟುಗಳನ್ನು ಒಗೆಯಲು ಹಾಕಿ ಹೋಗಲು ಬಂದರು. ಚೇರ್ಮನ್ನರು ಕನ್ನಡಕ ಏರಿಸಿ ಓದುತ್ತಿದ್ದರು.

"ನೀರು ಸರಬರಾಜು ಕಂಪನಿ. ಅಲ್ಪಾವಧಿ ದ್ರವ್ಯತೆ ಇಳಿಮುಖ. ನಗದು ಅನುಪಾತ ಶೇಕಡ ಹನ್ನೆರಡಕ್ಕೆ."

"ಹಾಗಂದ್ರೆ ಏನು ಚೇರ್ಮನ್ನರೇ?" ಎಂದರು ಡಾಕ್ಟರು.

ಈವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಕಂಪನಿಯ ಮಾಲೀಕನಾದವನು ತನ್ನ ಕಂಪನಿಯ ಬಗ್ಗೆ ಗೊತ್ತಿಲ್ಲ ಎನ್ನುವುದು ಹೇಗೆ? ಚೇರ್ಮನ್ನರು ಪತ್ರಿಕೆ ಮಡಚಿ, ಗಂಟಲು ಸರಿಮಾಡಿಕೊಂಡರು.

"ದ್ರವ ಅಂದ್ರೇನು ಡಾಕ್ಟ್ರೇ?"

"ನೀರಿನ ಥರದ್ದು."

"ನೀರು ಕಂಪನಿಯಲ್ಲಿ ಥರದ್ದೇನು ಬಂತು? ನೀರೇ. ದ್ರವ್ಯತೆ ಅಂದ್ರೆ ನೀರಿರೋದು. ಇಳಿಮುಖ ಅಂದ್ರೆ ಇಳೀತಾ ಇದೆ."

"ನಗದು ಅಂತಾನೂ ಇದೆಯಲ್ಲ?"

"ನಗದು ಅಂದ್ರೆ ಸದ್ಯಕ್ಕೆ ಕೈಯಲ್ಲಿ ಇರೋದು. ನೀರು ಕಂಪನಿ ಕೈಯಲ್ಲಿ ಏನಿರುತ್ತೆ?" ಎನ್ನುವಷ್ಟರಲ್ಲಿ ತಾವೇ ಬಿಡಿಸಿದ ಅರ್ಥ ತಮಗೇ ಬಡಿದು ಚೇರ್ಮನ್ನರ ಮುಖ ಬಿಳಿಚಿತು. "ಡಾಕ್ಟ್ರೇ! ನೂರು ಕೊಡ ಇರಬೇಕಾದಲ್ಲಿ ಹನ್ನೆರಡು ಕೊಡ ಉಳಿದಿದೆ! ಅದೂ ಅಲ್ಪಾವಧಿಗೆ!"

ಡಾಕ್ಟರು ಕೋಟುಗಳನ್ನು ಅಲ್ಲೇ ಬಿಟ್ಟು ಓಡಿದರು.

ಹಲ್ಲಿನ ಡಾಕ್ಟರ ಕೈಗೆ ಸುದ್ದಿ ಸಿಕ್ಕಿದರೆ ಅದಕ್ಕೊಂದು ಅನುಕೂಲವಿದೆ. ಕೇಳುವವರ ಬಾಯಿ ತೆರೆದೇ ಇರುತ್ತದೆ, ಎದುರು ಮಾತಾಡುವಂತಿಲ್ಲ. ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ನೀರು ತುಂಬಿಸತೊಡಗಿತು. ಬಕೆಟ್ಟು, ಡ್ರಮ್ಮು, ಹಂಡೆ ಮುಗಿದ ಮೇಲೆ ಕುಕ್ಕರು, ಫ್ಲಾಸ್ಕು, ಹೂದಾನಿ. ಮೇಲಿನ ಮನೆಯ ನಿವೃತ್ತ ಟೀಚರಮ್ಮ ತಮ್ಮ ಮಳೆಗಾಲದ ಬೂಟುಗಳೆರಡಕ್ಕೂ ನೀರು ತುಂಬಿಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಲಾಂಡ್ರಿಗೆ ಸೋಪಿನ ಪುಡಿ ಕೊಡುವ ಸಗಟು ಅಂಗಡಿಯ ಸಾಹುಕಾರರು ಮಾರಾಟಕ್ಕಿಟ್ಟ ಖಾಲಿ ಡಬ್ಬಗಳನ್ನೆಲ್ಲ ತಾವೇ ತುಂಬಿಸಿಕೊಂಡರು.

ಇಷ್ಟು ನಲ್ಲಿಗಳು ಒಂದೇ ಸಲ ತೆರೆದರೆ ಏನಾಗಬೇಕೋ ಅದೇ ಆಯಿತು. ಸಂಜೆಗೆ ನಲ್ಲಿಗಳು ಬುಸ್ಸೆಂದು ಗಾಳಿ ಬಿಟ್ಟವು, ಎರಡು ಹನಿ ಉದುರಿಸಿದವು, ನಿಂತುಹೋದವು.

"ನೋಡಿದ್ರಾ!" ಚೇರ್ಮನ್ನರು ಬೀದಿಯ ನಡುವೆ ನಿಂತು ಕೆಂಡ ಕಾರಿದರು. "ನಮ್ಮ ಕಂಪನಿ ನಮಗೇ ಟೋಪಿ ಹಾಕ್ತಿದೆ! ಹನ್ನೆರಡು ಕೊಡ ಇಟ್ಕೊಂಡು ಊರು ನಡೆಸ್ತಿದ್ರು!"

ತಮ್ಮ ಮಾತು ಇಷ್ಟು ಬೇಗ ನಿಜವಾದದ್ದು ಅವರ ಜೀವನದಲ್ಲಿ ಇದೇ ಮೊದಲು. ಕೋಪ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು.

ಅವರ ಹೆಂಡತಿಗೆ ಮಾತ್ರ ಸಂತೋಷವಾಗಲಿಲ್ಲ. ಲಾಂಡ್ರಿಯ ಚೀಟಿ, ಲೆಕ್ಕ, ಗಿರಾಕಿ, ಗಂಡ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಆಕೆ. "ರೀ, ಬ್ಯಾಂಡ್ ಸೆಟ್ಟಿನವರ ಕೋಟು ಹಾಗೇ ಬಿದ್ದಿವೆ. ಡಾಕ್ಟರದ್ದೂ ಬಿದ್ದಿವೆ. ಯಾವ ನೀರಲ್ಲಿ ಒಗೀತೀರಾ? ನಿಮ್ಮ ಭಾಷಣದಲ್ಲಾ?"

"ತೊಟ್ಟಿಯಲ್ಲಿ ಇದೆಯಲ್ಲ."

"ಒಂದು ಸಲಕ್ಕೆ ಸಾಕಾಗತ್ತೆ."

"ಒಂದೇ ಸಲಕ್ಕೆ ಹಾಕು. ಇದು ಆಪತ್ಕಾಲ!" ಎಂದು ಘೋಷಿಸಿ ಚೇರ್ಮನ್ನರು ಎಲ್ಲವನ್ನೂ ತಾವೇ ಯಂತ್ರಕ್ಕೆ ತುರುಕಿದರು. ಬ್ಯಾಂಡ್ ಸೆಟ್ಟಿನ ಕೋಟುಗಳು ಕಡು ಕೆಂಪು ಎಂಬುದನ್ನು ಆಪತ್ಕಾಲದಲ್ಲಿ ಯಾರು ಗಮನಿಸುತ್ತಾರೆ?

ಮಂಗಳವಾರ ಕಂಪನಿಯ ಕಚೇರಿಗೆ ನಿಯೋಗ ಹೊರಟಿತು. ಮುಂದೆ ಚೇರ್ಮನ್ನರು, ಹಿಂದೆ ಡಾಕ್ಟರು, ಟೀಚರಮ್ಮ, ಸೋಪಿನ ಸಾಹುಕಾರರು, ಅವರ ಹಿಂದೆ ಕೆಲಸವಿಲ್ಲದವರು. ವಿಚಾರಣೆಯ ಕಿಟಕಿಯಲ್ಲಿ ಕೂತವನು, "ದೂರು ಇದ್ದರೆ ಎಡಗಡೆ, ಷೇರು ಇದ್ದರೆ ಬಲಗಡೆ" ಎಂದ.

"ನಾನು ಷೇರುದಾರ. ದೂರು ಕೊಡೋಕೆ ಬಂದಿದ್ದೀನಿ."

ಆತ ಬಹಳ ಹೊತ್ತು ಯೋಚಿಸಿ ಎಲ್ಲರನ್ನೂ ನೇರವಾಗಿ ಒಳಗೆ ಕಳಿಸಿದ.

ಒಳಗೆ ಇಂಜಿನಿಯರು ಗೋಡೆಯ ಮೇಲಿನ ಮಾಪಕ ತೋರಿಸಿದರು. "ನೋಡಿ, ಜಲಾಶಯ ಕಂಠಮಟ್ಟ ಇದೆ. ನಿನ್ನೆ ನಿಮ್ಮ ಕಡೆ ಎಲ್ಲಾ ನಲ್ಲಿನೂ ಒಟ್ಟಿಗೆ ಬಿಟ್ಟಿದ್ದಾರೆ. ಪೈಪಲ್ಲಿ ಒತ್ತಡ ಉಳೀಲಿಲ್ಲ. ಇವತ್ತು ಸರಿಹೋಗತ್ತೆ."

"ಮಾಪಕ ಸುಳ್ಳು ಹೇಳ್ತಿದೆ!" ಚೇರ್ಮನ್ನರು ಮೇಜು ಕುಟ್ಟಿದರು. "ನಿಮ್ಮ ದ್ರವ್ಯತೆ ನೂರಕ್ಕೆ ಹನ್ನೆರಡು ಅಂತ ಪೇಪರಲ್ಲೇ ಬಂದಿದೆ. ನಾನು ಓದಿದ್ದೀನಿ. ಇವರೆಲ್ಲ ಕೇಳಿದ್ದಾರೆ."

ಇಂಜಿನಿಯರು ಮಾಪಕವನ್ನೊಮ್ಮೆ, ಚೇರ್ಮನ್ನರನ್ನೊಮ್ಮೆ ನೋಡಿದರು. ಬಳಿಕ, "ಅದು ನನ್ನ ಇಲಾಖೆ ಅಲ್ಲ, ಲೆಕ್ಕಪತ್ರದವರನ್ನ ಕೇಳಿ" ಎಂದು ಪಕ್ಕದ ಬಾಗಿಲು ತೋರಿಸಿದರು.

ಪಕ್ಕದ ಬಾಗಿಲಲ್ಲಿ, ಕೋಟು ಹಾಕಿಕೊಂಡು, ಷಡ್ಡಕ ಕೂತಿದ್ದ.

ಇಡೀ ಕಟ್ಟಡದಲ್ಲಿ ಬೇರೆ ಯಾರಿದ್ದರೂ ಚೇರ್ಮನ್ನರು ಸಹಿಸಿಕೊಳ್ಳುತ್ತಿದ್ದರು. ಆತ ಎದ್ದು ಕುರ್ಚಿ ಹಾಕಿಸಿದ, ವಿಷಯ ಕೇಳಿದ, ಮೊದಲು ತುಟಿ ಕಚ್ಚಿಕೊಂಡ, ಕೊನೆಗೆ ತಡೆಯಲಾರದೆ ನಕ್ಕುಬಿಟ್ಟ.

"ಅಣ್ಣಾ, ದ್ರವ್ಯತೆ ಅಂದ್ರೆ ನೀರಲ್ಲ. ದುಡ್ಡು. ಕಂಪನಿ ತನ್ನ ಹತ್ತಿರ ಇರೋದನ್ನ ಎಷ್ಟು ಬೇಗ ದುಡ್ಡು ಮಾಡಿ ಬಾಕಿ ತೀರಿಸಬಹುದು ಅನ್ನೋ ಲೆಕ್ಕ. ಈ ವರ್ಷದೊಳಗೆ ನಾವು ಯಾರ್ಯಾರಿಗೋ ನೂರು ಕೊಡಬೇಕು ಅಂತಿಟ್ಕೊಳ್ಳಿ. ಅದರಲ್ಲಿ ಹನ್ನೆರಡು ಇವತ್ತೇ ಕೈಯಲ್ಲಿ, ಬ್ಯಾಂಕಲ್ಲಿ ಇದೆ. ಅದೇ ನಗದು ಅನುಪಾತ."

ಟೀಚರಮ್ಮ ತಮ್ಮ ಬೂಟುಗಳನ್ನು ನೆನೆದು ಚೇರ್ಮನ್ನರ ಕಡೆ ನಿಧಾನವಾಗಿ ತಿರುಗಿದರು. ಡಾಕ್ಟರೂ ತಿರುಗಿದರು. ಆ ನೋಟಗಳು ಚೇರ್ಮನ್ನರ ಬೆನ್ನು ಸುಟ್ಟವು. ಮರ್ಯಾದಸ್ಥನಾದವನು ಈಗ ತಪ್ಪಾಯಿತು ಎಂದು ಎದ್ದು ಬರುತ್ತಾನೆ. ಚೇರ್ಮನ್ನರು ಎದ್ದರು, ಆದರೆ ಬರಲಿಲ್ಲ.

"ದುಡ್ಡಾ?" ಅವರ ದನಿ ಚಾವಣಿ ಮುಟ್ಟಿತು. "ನೀರಿಲ್ಲದಿದ್ರೆ ಮಳೆ ಬಂದೀತು. ದುಡ್ಡಿಲ್ಲದಿದ್ರೆ ಯಾರು ಸುರೀತಾರೆ? ನೂರು ಕೊಡಬೇಕಾದವರು ಹನ್ನೆರಡು ಇಟ್ಕೊಂಡು ಕೋಟು ಹಾಕ್ಕೊಂಡು ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ?"

"ಅಣ್ಣಾ, ಕೇಳಿ ಇಲ್ಲಿ. ಆ ನೂರೂ ಇವತ್ತೇ ಕೊಡಬೇಕಾಗಿಲ್ಲ. ತಿಂಗಳು ತಿಂಗಳು ಬರುತ್ತೆ. ನಮಗೂ ತಿಂಗಳು ತಿಂಗಳು ಬಿಲ್ಲಿನ ದುಡ್ಡು ಬರುತ್ತೆ. ಜನ ನೀರು ಕುಡಿಯೋದು ಬಿಡಲ್ಲ, ಬಿಲ್ಲು ನಿಲ್ಲಲ್ಲ. ಸುಮ್ನೆ ನೂರನ್ನೂ ಪೆಟ್ಟಿಗೇಲಿಟ್ಟು ಬೀಗ ಹಾಕಿದ್ರೆ ಪಂಪು, ಪೈಪು ಯಾವುದರಲ್ಲಿ ಹಾಕೋದು? ಕಳೆದ ವರ್ಷಕ್ಕಿಂತ ಸ್ವಲ್ಪ ಇಳಿದಿದೆ ನಿಜ, ಹೊಸ ಪೈಪು ಹಾಕಿಸಿದ್ವಿ. ಅಡಚಣೆಯಾದ್ರೆ ಬ್ಯಾಂಕಿನವರು ಕೊಡ್ತೀವಿ ಅಂತ ಬರೆದುಕೊಟ್ಟಿದ್ದಾರೆ."

"ಮಾತು! ಬರೀ ಮಾತು!"

"ನಿಮ್ಮ ಲಾಂಡ್ರಿನೇ ತಗೊಳ್ಳಿ. ಬಾಡಿಗೆ, ಯಂತ್ರದ ಕಂತು, ಸೋಪಿನ ಬಾಕಿ ಎಲ್ಲಾ ಸೇರಿಸಿ ಈ ವರ್ಷ ಕೊಡಬೇಕಾದ್ದು ಎಷ್ಟು? ಈಗ ಗಲ್ಲಾದಲ್ಲಿ ಎಷ್ಟಿದೆ?"

"ನಮ್ಮಲ್ಲಿ ನೂರಕ್ಕೆ ನೂರು!" ಎಂದು ಗುಡುಗಿದರು ಚೇರ್ಮನ್ನರು.

ಸೋಪಿನ ಸಾಹುಕಾರರು ಹಿಂದಿನಿಂದ ಕತ್ತು ಚಾಚಿದರು. "ಹೌದಾ? ಹಾಗಾದ್ರೆ ನನ್ನ ಬಾಕಿ..."

"ಈಗ ಅದಲ್ಲ ಸಾಹುಕಾರ್ರೇ ಪ್ರಶ್ನೆ!" ಚೇರ್ಮನ್ನರು ಗಡಿಬಿಡಿಯಿಂದ ಜನರ ಕಡೆ ತಿರುಗಿದರು. "ಪ್ರಶ್ನೆ ಏನಂದ್ರೆ, ಇಂಥ ಬರಿಗೈ ಕಂಪನಿಗೆ ನಾವು ಬಿಲ್ಲು ಕಟ್ಟಬೇಕಾ? ನಮ್ಮೆಲ್ಲರ ಮೀಟರ್ ಡಿಪಾಜಿಟ್ಟು ಇವರ ಹತ್ರ ಇದೆ. ಅದನ್ನ ಮೊದಲು ತೋರಿಸಲಿ. ಅಲ್ಲೀವರೆಗೆ ಒಂದು ಕಾಸೂ ಇಲ್ಲ!"

ಸ್ವಲ್ಪ ಹೊತ್ತಿನ ಹಿಂದೆ ಅವರನ್ನು ಹರಿದು ತಿನ್ನಲು ಸಿದ್ಧವಾಗಿದ್ದ ನಿಯೋಗ ಜಯಕಾರ ಹಾಕಿತು. ಬಿಲ್ಲು ಕಟ್ಟಬೇಡಿ ಎಂಬ ಸಲಹೆಗೆ ಮನುಷ್ಯರನ್ನು ಒಪ್ಪಿಸಲು ಎಂದೂ ಹೆಚ್ಚು ಶ್ರಮ ಬೇಕಾಗಿಲ್ಲ. ಷಡ್ಡಕ ಮಾತ್ರ ನಗುವುದನ್ನು ನಿಲ್ಲಿಸಿದ್ದ.

ನಲ್ಲಿಯಲ್ಲಿ ನೀರು ಅಂದೇ ಬಂತು. ಬಿಲ್ಲು ಮಾತ್ರ ಯಾರೂ ಕಟ್ಟಲಿಲ್ಲ. ಆ ಬೀದಿಯನ್ನು ನೋಡಿ ಪಕ್ಕದ ಬೀದಿ ನಿಲ್ಲಿಸಿತು, ಅದನ್ನು ನೋಡಿ ಅದರಾಚೆಯದು. ಜೊತೆಗೆ 'ನಗದು ಅನುಪಾತ' ಎಂಬ ಮಾತು ಬೀದಿಯ ಬಾಯಿಗೆ ಬಿತ್ತು. ತರಕಾರಿಯವನು ಸಾಲ ಕೇಳಿದವರಿಗೆ, "ನಿಮ್ಮ ಅನುಪಾತ ಎಷ್ಟಮ್ಮಾ?" ಎನ್ನತೊಡಗಿದ. ಟೀಚರಮ್ಮ ತಮ್ಮ ಅಳಿಯನ ಅನುಪಾತವನ್ನು ಮಗಳಿಗೆ ಫೋನು ಮಾಡಿ ವಿಚಾರಿಸಿ, ಎರಡು ದಿನ ಮಗಳ ಕೂಡ ಮಾತು ಬಿಟ್ಟರು. ಚೇರ್ಮನ್ನರು ಇದನ್ನೆಲ್ಲ ಕಂಡು ಹಿಗ್ಗಿದರು. ಜನಜಾಗೃತಿ ಎಂದರೆ ಇದೇ ಎಂದುಕೊಂಡರು.

ಶುಕ್ರವಾರ ಬೆಳಿಗ್ಗೆ ಜಾಗೃತಿ ಲಾಂಡ್ರಿಯ ಬಾಗಿಲಿಗೆ ಬಂತು. ಅಂಗಡಿ ತುಂಬ ಗಿರಾಕಿಗಳಿರುವ ಹೊತ್ತು ನೋಡಿ ಸೋಪಿನ ಸಾಹುಕಾರರು ಒಳಗೆ ಕಾಲಿಟ್ಟರು.

"ಚೇರ್ಮನ್ನರೇ, ಮೂರು ರಾತ್ರಿ ನಿದ್ದೆ ಇಲ್ಲ ನನಗೆ. ಕಂಪನಿಯದ್ದು ಹನ್ನೆರಡಾದ್ರೂ ಇದೆ. ನಿಮ್ಮದು ಎಷ್ಟು?"

"ಇದೇನು ಸಾಹುಕಾರ್ರೇ, ನನ್ನ ಮೇಲೆ ಅಪನಂಬಿಕೆಯಾ?"

"ನಂಬಿಕೆ ಇಲ್ಲ ಅಂತಲ್ಲ. ಗಲ್ಲಾ ಒಮ್ಮೆ ತೆಗೀರಿ, ಅಷ್ಟೇ."

ಚೇರ್ಮನ್ನರು ತೆಗೆಯಬಾರದಿತ್ತು. ಆದರೆ ಎಲ್ಲರೂ ನೋಡುತ್ತಿದ್ದರು, ಮತ್ತು ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ನೋಡ್ಕೊಳ್ರೀ!" ಎಂದು ಗಲ್ಲಾದ ಖಾನೆಯನ್ನು ರೊಯ್ಯನೆ ಎಳೆದರು. ಒಳಗೆ ಮಡಚಿದ ಎರಡು ನೋಟು, ಒಂದಿಷ್ಟು ಚಿಲ್ಲರೆ, ಯಾರದೋ ಕೋಟಿನಿಂದ ಉದುರಿದ ಗುಂಡಿಗಳು.

"ಗುಂಡಿ ಸೇರಿಸಿದ್ರೂ ನೂರಕ್ಕೆ ಐದು ಬರಲ್ಲ" ಎಂದರು ಸಾಹುಕಾರರು ಮೆಲ್ಲಗೆ.

ಮೆಲ್ಲಗೆ ಹೇಳಿದ ಮಾತು ಎಲ್ಲರಿಗೂ ಕೇಳಿಸಿತು. ಟೀಚರಮ್ಮ ಎದೆ ಹಿಡಿದುಕೊಂಡರು. "ಹಾಗಾದ್ರೆ ಈ ಅಂಗಡಿ ನಾಳೆ ಮುಚ್ಚಿದ್ರೆ? ನನ್ನ ಪರದೆಗಳು ಒಳಗಿವೆ!"

ಅಷ್ಟು ಸಾಕಾಯಿತು. "ನನ್ನ ಪ್ಯಾಂಟು!" "ನಮ್ಮ ಹೊದಿಕೆ!" "ಚೀಟಿ ಇಲ್ಲಿದೆ, ಬಟ್ಟೆ ಈಗಲೇ ಕೊಡಿ!" ಬಾಗಿಲಲ್ಲಿ ಜನ, ಮೆಟ್ಟಿಲ ಮೇಲೆ ಜನ, ರಸ್ತೆಯಲ್ಲಿ ಜನ. ಎಲ್ಲರಿಗೂ ತಮ್ಮ ಬಟ್ಟೆ ಈ ಕ್ಷಣವೇ ಬೇಕು. ಬಟ್ಟೆಗಳಾದರೋ ಕೆಲವು ಯಂತ್ರದಲ್ಲಿ ಗಿರಗಿರ ಸುತ್ತುತ್ತಿವೆ, ಕೆಲವು ಸೋಪಿನಲ್ಲಿ ನೆನೆದಿವೆ, ಕೆಲವು ಹಗ್ಗದ ಮೇಲೆ ತೊಟ್ಟಿಕ್ಕುತ್ತಿವೆ.

"ನಿಮ್ಮ ಬಟ್ಟೆ ಎಲ್ಲೂ ಹೋಗಿಲ್ಲ ಕಣ್ರೀ!" ಚೇರ್ಮನ್ನರು ಕೂಗಿದರು. "ಇದೆ, ಆದ್ರೆ ಈಗ ಕೊಡೋ ಸ್ಥಿತೀಲಿಲ್ಲ! ನಾಳೆ ಒಣಗತ್ತೆ, ನಾಳಿದ್ದು ಇಸ್ತ್ರಿ ಆಗತ್ತೆ! ಎಲ್ಲಾರೂ ಒಂದೇ ಸಲ ಬಂದ್ರೆ ಯಾವ ಅಂಗಡಿಯವನು ಕೊಡ್ತಾನೆ?"

ತಾವು ಹೇಳಿದ್ದು ಏನೆಂದು ಅವರಿಗೆ ಆ ಗಲಾಟೆಯಲ್ಲಿ ಹೊಳೆಯಲಿಲ್ಲ. ಹೆಂಡತಿಗೆ ಹೊಳೆಯಿತು. ಆಕೆ ಒಂದು ಕ್ಷಣ ಗಂಡನ ಮುಖ ನೋಡಿ, ಮತ್ತೆ ಚೀಟಿಗಳ ಕಡೆ ತಿರುಗಿದರು.

ಬ್ಯಾಂಡ್ ಸೆಟ್ಟಿನವರು ತಮ್ಮ ಕೋಟುಗಳನ್ನು ಕಸಿದುಕೊಂಡರು. ಅವು ತಮ್ಮವೇ ಹೌದೋ ಅಲ್ಲವೋ ಎನ್ನುವಷ್ಟು ಮಾಸಿದ್ದವು. ಮಾಸಿದ ಕೆಂಪು ಎಲ್ಲಿ ಹೋಯಿತೆಂಬುದು ಡಾಕ್ಟರ ಗಂಟು ಬಿಚ್ಚಿದಾಗ ತಿಳಿಯಿತು. ಡಾಕ್ಟರು ಒಂದು ಕೋಟನ್ನು ಎತ್ತಿ ಹಿಡಿದರು. ಅದು ಒಸಡಿನ ಬಣ್ಣಕ್ಕೆ ತಿರುಗಿತ್ತು.

"ಇದು ನನ್ನದಾ?" ಎಂದರು ಡಾಕ್ಟರು, ಅಳುವವರ ಹಾಗೆ.

"ಆಪತ್ಕಾಲದಲ್ಲಿ ಒಗೆದದ್ದು" ಎಂದರು ಚೇರ್ಮನ್ನರು.

ಜನ ಕೌಂಟರಿನ ಹಲಗೆ ಎತ್ತಿ ಒಳಗೆ ನುಗ್ಗುವ ಹಂತ ಬಂದಿತ್ತು. ಆಗ ಹಿಂದಿನಿಂದ, "ಸ್ವಲ್ಪ ದಾರಿ ಬಿಡಿ, ಸ್ವಲ್ಪ ದಾರಿ" ಎನ್ನುತ್ತಾ ಷಡ್ಡಕ ಬಂದ. ಬಂದದ್ದು ನಂಟಸ್ತಿಕೆಗಲ್ಲ. ಮೂರು ಬೀದಿಗಳ ವಸೂಲಿ ನಿಂತು, ಹೀಗೇ ಹಬ್ಬಿದರೆ ಪಂಪಿನ ಕರೆಂಟಿಗೆ ದುಡ್ಡು ಹೊಂದಿಸುವುದೇ ಕಷ್ಟ ಎಂಬ ಸ್ಥಿತಿಯಾಗಿ, ಮೇಲಿನವರು ಅವನನ್ನೇ ಮನೆಮನೆಗೆ ಅಟ್ಟಿದ್ದರು. ಬೆಳಿಗ್ಗೆಯಿಂದ ಬಾಗಿಲು ಬಾಗಿಲಲ್ಲಿ ಬೈಸಿಕೊಂಡು ಮುಖ ಇಂಗು ತಿಂದ ಹಾಗಾಗಿತ್ತು. ಈಗ ಅಕ್ಕಪಕ್ಕ ನೋಡಿದ. ಜನರನ್ನು ನೋಡಿದ, ತೆರೆದ ಗಲ್ಲಾ ನೋಡಿದ, ಈ ಅಂಗಡಿಯಲ್ಲಿ ನಡೆಯುತ್ತಿರುವುದು ಏನೆಂದು ಅವನಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಚೇರ್ಮನ್ನರು ಹಲ್ಲು ಕಚ್ಚಿ ನಿಂತರು. ಈಗ ಈತ ನಗುತ್ತಾನೆ. ಇಡೀ ಬೀದಿಯ ಎದುರು ನಗುತ್ತಾನೆ. ನಗಲಿ, ಆಮೇಲೆ ನೋಡಿಕೊಳ್ಳುತ್ತೇನೆ.

ಷಡ್ಡಕ ನಗಲಿಲ್ಲ. ತನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಕೋಟು ತೆಗೆದು, ನೀಟಾಗಿ ಮಡಚಿ, ಕೌಂಟರಿನ ಮೇಲಿಟ್ಟ.

"ಅಣ್ಣಾ, ಇದನ್ನ ಒಗೆಸಿಡಿ. ಅವಸರ ಇಲ್ಲ. ಸೋಮವಾರ ಬಂದು ತಗೊಂಡು ಹೋಗ್ತೀನಿ" ಎಂದ, ಎಲ್ಲರಿಗೂ ಕೇಳುವ ಹಾಗೆ.

ಗದ್ದಲ ತಗ್ಗಿತು. ಲೆಕ್ಕಪತ್ರದ ಅಧಿಕಾರಿ, ಅನುಪಾತ ಗಿನುಪಾತ ಎಲ್ಲ ಅರೆದು ಕುಡಿದವನು, ಮೈಮೇಲಿನ ಕೋಟನ್ನೇ ಈ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾನೆಂದರೆ? ಚೇರ್ಮನ್ನರ ಹೆಂಡತಿ ಏನೂ ಆಗದವರ ಹಾಗೆ ಚೀಟಿ ಬರೆದು ಕೋಟಿಗೆ ಪಿನ್ನು ಚುಚ್ಚಿದರು. "ಸೋಮವಾರ ಸಂಜೆ ಬನ್ನಿ. ಮುಂದಿನವರು ಯಾರು?"

ಮುಂದಿನವರು ಟೀಚರಮ್ಮ. ಅವರು ಒದ್ದೆ ಪರದೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದರು. ಸೀರೆ ಅರ್ಧ ನೆನೆದಿತ್ತು. "ಇದು... ಇನ್ನೊಂಚೂರು ಒಣಗಲಿ ಅಂತ..." ಎಂದು ವಾಪಸ್ಸು ಇಟ್ಟರು. ಅವರ ಹಿಂದೆ ಒಬ್ಬೊಬ್ಬರೇ ನೀರು ಸೋರುವ ಗಂಟುಗಳನ್ನು ಕೌಂಟರಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟರು. ಸಾಹುಕಾರರು, "ನಂದೇನು ಅವಸರ ಇಲ್ಲ, ಮೊದಲಿನ ಹಾಗೇ ತಿಂಗಳಿಗಿಷ್ಟು ಕೊಡಿ" ಎಂದು ಗೊಣಗಿ ಜಾರಿಕೊಂಡರು.

ಷಡ್ಡಕ ಬರೀ ಅಂಗಿಯಲ್ಲಿ ಮೆಟ್ಟಿಲಿಳಿದು ಮುಂದಿನ ಮನೆಯ ಬಾಗಿಲು ತಟ್ಟಲು ಹೋದ. ಕೋಟಿಲ್ಲದೆ ಅವನನ್ನು ನೋಡಿದ್ದು ಚೇರ್ಮನ್ನರಿಗೆ ಅದೇ ಮೊದಲು. ಹೆಗಲು ಇಷ್ಟು ಸಣ್ಣವು ಎಂದು ಗೊತ್ತಿರಲಿಲ್ಲ.

ಅಂಗಡಿ ಖಾಲಿಯಾದ ಮೇಲೆ ಅವರು ಕೋಟನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೊಳೆ ಎಲ್ಲಿದೆ ಇದರಲ್ಲಿ? ಶುಭ್ರವಾಗಿರೋ ಕೋಟು! ಬೇಕಂತಲೇ ಕೊಟ್ಟಿದ್ದಾನೆ! ಇವನ ಉಪಕಾರ ಯಾರಿಗೆ ಬೇಕಾಗಿತ್ತು?"

"ರೀ" ಎಂದರು ಹೆಂಡತಿ, ತಲೆಯೆತ್ತದೆ. "ಆ ಹುಡುಗ ಬಿಸಿಲಲ್ಲಿ ಬಾಗಿಲು ಬಾಗಿಲು ತಟ್ಕೊಂಡು ಓಡಾಡ್ತಿದ್ದಾನಲ್ಲ, ಅದು ಯಾರಿಂದ?"

ಚೇರ್ಮನ್ನರು ಕೋಟನ್ನು ಮೆಲ್ಲಗೆ ಮಡಚಿ ಕೌಂಟರಿನ ಮೇಲಿಟ್ಟರು.

"ಹೋಗಿ. ನೀರಿನ ಬಿಲ್ಲು ಕಟ್ಟಿ ಬನ್ನಿ."

ಬಿಲ್ಲಿನ ಕಿಟಕಿಯಲ್ಲಿ ಉದ್ದ ಸಾಲಿತ್ತು. ಸಾಲಿನ ತುಂಬ ಅವರ ಬೀದಿಯವರೇ. ಎಲ್ಲರೂ ಗೋಡೆಯ ಮೇಲಿನ ಸೂಚನೆಗಳನ್ನು ಅತಿ ಆಸಕ್ತಿಯಿಂದ ಓದುತ್ತಿದ್ದರು. ಚೇರ್ಮನ್ನರ ಹಿಂದೆಯೇ ಡಾಕ್ಟರು, ಮೈಮೇಲೆ ಗುಲಾಬಿ ಕೋಟು, ಯಾಕೆಂದರೆ ಬೇರೆ ಇರಲಿಲ್ಲ.

ಚೇರ್ಮನ್ನರು ನೋಟು ಚಾಚಿದರು. ಕಿಟಕಿಯ ಹುಡುಗಿ ಖಾನೆಯನ್ನು ತಡಕಾಡಿ, ತಲೆಯೆತ್ತಿ ಹೇಳಿದಳು: "ಚಿಲ್ಲರೆ ಇಲ್ಲ ಸಾರ್."

"ಏನಂದ್ರಿ?"

"ಇವತ್ತು ಎಲ್ಲಾರೂ ದೊಡ್ಡ ನೋಟೇ ತಂದಿದ್ದಾರೆ. ಕೊಡೋಕೆ ಚಿಲ್ಲರೆ ಇಲ್ಲ."

ಚೇರ್ಮನ್ನರ ಕಿವಿಯವರೆಗೆ ರಕ್ತ ಏರಿತು. ಊರಿಗೆಲ್ಲ ನೀರು ಕುಡಿಸುವ ಕಂಪನಿಯ ಖಾನೆಯಲ್ಲಿ ಚಿಲ್ಲರೆ ಇಲ್ಲ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ವಾರವಿಡೀ ಅನುಭವಿಸಿದ ಅವಮಾನಕ್ಕೆಲ್ಲ ಒಂದೇ ಏಟಿನಲ್ಲಿ ಉತ್ತರ! ಭಾಷಣ ತಾನಾಗಿ ನಾಲಗೆಯ ತುದಿಗೆ ಬಂದು ನಿಂತಿತು. ಅವರು ಎದೆ ತುಂಬ ಉಸಿರೆಳೆದುಕೊಂಡು ಸಾಲಿನ ಕಡೆ ತಿರುಗಿದರು.

ಸಾಲಿಗೆ ಸಾಲೇ ಅವರ ಬಾಯನ್ನೇ ನೋಡುತ್ತಿತ್ತು.

"ಏನಂತೆ ಚೇರ್ಮನ್ನರೇ?" ಡಾಕ್ಟರ ದನಿ ನಡುಗಿತು. "ಏನಾದ್ರೂ... ಇಲ್ವಂತಾ?"

ಚೇರ್ಮನ್ನರು ಆ ಉಸಿರನ್ನು ಹಾಗೇ ನುಂಗಿದರು. ನುಂಗುವಾಗ ಕಣ್ಣಲ್ಲಿ ನೀರು ಬಂತು.

"ಏನಿಲ್ಲ ಡಾಕ್ಟ್ರೇ. ರಸೀದಿಗೆ ಮೊಹರು ಸರಿಯಾಗಿ ಬೀಳ್ತಿಲ್ಲವಂತೆ." ಆಮೇಲೆ ಕಿಟಕಿಯೊಳಕ್ಕೆ ತಲೆ ತೂರಿಸಿ, ಹುಡುಗಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದರು: "ಮಿಕ್ಕಿದ್ದನ್ನ ಮುಂದಿನ ತಿಂಗಳಿಗೆ ಜಮಾ ಮಾಡ್ಕೊಳ್ಳಮ್ಮಾ. ಮತ್ತೆ ಆ ಚಿಲ್ಲರೆ ಮಾತು ಇನ್ನೊಬ್ಬರ ಹತ್ರ ಆಡಬೇಡ."

ಮನೆಗೆ ಬಂದಾಗ ಹೆಂಡತಿ ಕೈ ಚಾಚಿದರು. "ಮಿಕ್ಕಿದ್ದೆಲ್ಲಿ?"

ಚೇರ್ಮನ್ನರು ಬಾಗಿಲು ಹಾಕಿ ಬಂದು ನಡೆದದ್ದನ್ನು ಹೇಳಿದರು. ಹೇಳುತ್ತಾ ಹೇಳುತ್ತಾ ಮತ್ತೆ ಉರಿದೆದ್ದರು. ಚಿಲ್ಲರೆಯೂ ಇಲ್ಲದ ಕಂಪನಿಯೊಂದು ಕಂಪನಿಯೇ, ಅದಕ್ಕೊಂದು ಲೆಕ್ಕಪತ್ರ ವಿಭಾಗ ಬೇರೆ ಕೇಡು ಎಂದು ಗೋಡೆಗೆ ಬೈದರು. ಹೆಂಡತಿ ನಗು ತಡೆಯಲಾರದೆ ಫೋನು ಕೈಗೆತ್ತಿಕೊಂಡರು.

"ಯಾರಿಗೆ?"

"ತಂಗಿಗೆ. ನಿಮ್ಮ ಷಡ್ಡಕ ಕೇಳಿದ್ರೆ ಖುಷಿ ಪಡ್ತಾನೆ."

"ಬೇಡ ಬೇಡ!" ಚೇರ್ಮನ್ನರು ಹಾರಿ ಬಂದು ಫೋನು ಕಸಿದುಕೊಂಡರು. "ಅವನಿಗೆ ಗೊತ್ತಾದ್ರೆ ಸಂಜೆಯೊಳಗೆ ಚಿಲ್ಲರೆ ಕಳಿಸಿಬಿಡ್ತಾನೆ. ಒಂದು ತಿಂಗಳಾದ್ರೂ ಆ ಆಫೀಸು ನನಗೆ ಬಾಕಿ ಇರಲಿ."